ಮಲಗಿದ ಗಣ್ಯರು, ಕುಳಿತ ಗಣ್ಯರು

೩ ಡಿಸೆಂಬರ್ ೧೯೬೧, ರವಿವಾರ, ಬೆಳಿಗ್ಗೆ ಏಳೂವರೆ. ಕೊಣ್ಣೂರ.

ಕಾಕಾನ ಟ್ರಂಕು ತೆರೆದರೆ ಈಗಲೂ ನುಸಿಗುಳಿಗೆಯ ವಾಸನೆ. ಅರಿವೆಗಳ ಕೆಳಗೆ ಆ ಚಿತ್ರ ಸಿಕ್ಕಿತು: ಇಂಗ್ಲೆಂಡಿನ ಯಾವುದೋ ಹಳ್ಳಿಯ ಚರ್ಚು, ಅದರ ಅಂಗಳದ ಹುಲ್ಲಿನಲ್ಲಿ ವಾಲಿದ ಸಮಾಧಿಕಲ್ಲುಗಳು. ದೇಶ ಬಿಟ್ಟು ಹೋಗುವಾಗ ಬಿಳಿಯ ಇಂಜಿನಿಯರನೊಬ್ಬ ಕೊಟ್ಟದ್ದು. ಮಾಸ್ತರನಾಗಿದ್ದ ಕಾಕಾ ಅಲ್ಲಿ ಮಲಗಿದವರನ್ನು ಬೀಗರಂತೆ ಪರಿಚಯಿಸುತ್ತಿದ್ದ: ಇವನು ನ್ಯಾಯಾಧೀಶ, ಇವನು ಜಮೀನುದಾರ, ಮುಳುಗುವ ಹಡಗಿನಿಂದ ಮಂದಿಯನ್ನು ದಾಟಿಸಿದ ಕಪ್ತಾನ ಇವನು.

ಮೂರು ವರ್ಷದ ಹಿಂದೆ ನಮ್ಮೂರ ಗಣ್ಯರಿಗೂ ಅಂಥ ಜಾಗ ಬೇಕೆಂದು ಕಾಕಾ ತನ್ನ ಹೊಲದ ಮೂಲೆ ಬಿಟ್ಟುಕೊಟ್ಟು ಸಭೆ ಕರೆದ. ತಾವು ಗಣ್ಯರೆಂಬ ಬಗ್ಗೆ ಬಂದವರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮೊದಲು ಹೋಗುವವರು ಯಾರು ಎಂಬಲ್ಲಿ ಮಾತ್ರ ಎಲ್ಲರೂ ವಿನಯವಂತರಾದರು. ತೊಡಕು ಬೇರೆ ಕಡೆ ಎದ್ದಿತು. ಬಿಳಿಯರು ಹೆಣ ಮಲಗಿಸುತ್ತಾರೆ. ಮಲಗಿದವನಿಗೆ ಪಕ್ಕದಲ್ಲಿ ಯಾರಿದ್ದರೇನು, ನೀವೇ ಹೇಳಿ. ನಾವು ಹೆಣವನ್ನು ಕುಳಿತಂತೆ ಕೂಡಿಸಿ ಹೂಳುವವರು. ಕೂಡಿಸುವುದೆಂದ ಮೇಲೆ ಪಂಕ್ತಿ ಬಂತು, ಪಂಕ್ತಿಯ ಹಿಂದೆ ಜಗಳ ಬಂತು.

"ಸಾವಕಾರನ ಬೆನ್ನ ನೋಡಕೋತ ನಾ ಕುಂಡ್ರಾಂವಲ್ಲ" ಎಂದರು ಗೌಡರು.

"ಎಷ್ಟ ದಿನಾ ಕುಂಡ್ರಾವ್ರಿದ್ದೀರಿ ಗೌಡ್ರ?" ಎಂದ ಕಾಕಾ.

ಅಷ್ಟರಲ್ಲಿ ದೋಣಿಯ ಸತ್ಯಪ್ಪನ ಹೆಂಡತಿ ಮಲ್ಲವ್ವ ಬಂದು ಸಭೆ ಕುಳಿತ ಕಟ್ಟೆಯ ಕೆಳಗೆ ನಿಂತಳು. ಸತ್ಯಪ್ಪ ಅಂದೇ ತೀರಿಕೊಂಡಿದ್ದ. ಎಲ್ಲಿಂದಲೋ ಬಂದು ಘಟಪ್ರಭೆಯಲ್ಲಿ ದೋಣಿ ನಡೆಸಿದವನು. ಹೂಳಲು ಅಂಗೈಯಗಲ ನೆಲವಿರಲಿಲ್ಲ.

"ಹೊಳಿ ದಂಡಿ ಬ್ಯಾಡ್ರಿ, ಮಳಿಗಾಲದಾಗ ಕೊಚ್ಚಿ ಹೊಕ್ಕಾನ" ಎಂದಳು.

"ನಮ್ಮ ಕಪ್ತಾನ ಇಂವನ. ಮೊದಲನೇ ಜಾಗಾ ಇವಂದು" ಎಂದ ಕಾಕಾ.

"ಜಾತಿ ಯಾವದು ಅವಂದು?" ಸಾವಕಾರರು ಕೇಳಿದರು.

"ಹೊಳಿ ತುಂಬಿದಾಗ ದೋಣ್ಯಾಗ ಅವನ ಕಾಲ ಹಿಡಕೊಂಡ ಕುಂತಿದ್ರಲ್ರಿ, ಆವಾಗ ಕೇಳಬೇಕಿತ್ತು" ಎಂದ ಕಾಕಾ.

ಸಾವಕಾರರಿಗೆ ಅಂಗಡಿ ನೆನಪಾಯಿತು, ಗೌಡರಿಗೆ ಮೂಡಲಗಿಯ ಸಂತೆ. ಅಂದು ಅಲ್ಲಿ ಸಂತೆಯಿರಲಿಲ್ಲವೆಂದು ನನ್ನ ದಿನಚರಿ ಹೇಳುತ್ತದೆ.

ಕುಣಿಯನ್ನು ಕಾಕಾ ಮತ್ತು ನಾನೇ ತೋಡಿದೆವು. ಕೂಡಿಸಬೇಕೋ ಮಲಗಿಸಬೇಕೋ ಎಂದು ಕಾಕಾ ಮಲ್ಲವ್ವನನ್ನು ಕೇಳಿದ.

"ಮಲಗಸ್ರಿ ಮಾಸ್ತರ್ರ. ಜಲಮೆಲ್ಲಾ ನಿಂತ ಹುಟ್ಟ ಹಾಕ್ಯಾನ."

ಹೋದ ವರ್ಷ ಕಾಕಾನನ್ನೂ, ಅವನೇ ಹೇಳಿದ್ದಂತೆ, ಅಲ್ಲಿಯೇ ಕೂಡಿಸಿದೆವು. ಒಬ್ಬ ಕುಳಿತಿದ್ದಾನೆ, ಒಬ್ಬ ಮಲಗಿದ್ದಾನೆ, ಜಗಳವಾದ ಸುದ್ದಿಯಿಲ್ಲ. ಬೇರೆ ಗಣ್ಯರು ಯಾರೂ ಬಂದಿಲ್ಲ.

ಈಗ ಇಬ್ಬರಿಗೂ ಕಲ್ಲು ನಿಲ್ಲಿಸಬೇಕು. ಗೋಕಾಕದ ಕಲ್ಲುಕುಟಿಗ ಸತ್ಯಪ್ಪನ ತಂದೆಯ ಹೆಸರು, ಊರು ಕೇಳುತ್ತಾನೆ. ಗೌಡರ ಏಳು ತಲೆಮಾರು ಹೇಳಬಲ್ಲವರಿಗೂ ಅದು ತಿಳಿಯದು. ನನ್ನ ದಿನಚರಿಯಲ್ಲಿ ದೋಣಿ ಬಿಟ್ಟ ವೇಳೆಗಳಷ್ಟೇ ಇವೆ. ಮಲ್ಲವ್ವ ಹುಕ್ಕೇರಿ ಕಡೆ ಮಗಳ ಊರಿಗೆ ಹೋದಳು. ಯಾವ ಊರೆಂದು ನಾವ್ಯಾರೂ ಕೇಳಿರಲಿಲ್ಲ. ಆ ಕಡೆ ಅವಳನ್ನು ಬಲ್ಲವರಿದ್ದರೆ ಒಂದು ಕಾರ್ಡು ಬರೆಯಿರಿ. ಕಲ್ಲಿನ ಮೇಲೆ ಎರಡು ಸಾಲು ಖಾಲಿ ಬಿಡಿಸಿದ್ದೇನೆ.