ನಮ್ಮ ಕಾಲಡಿಯ ಚಾವಣಿ

ಇದು ೨೦೨೧ನೆಯ ಇಸವಿಯ ಡಿಸೆಂಬರ್ ತಿಂಗಳಿನ ಮಾತು. ಆಗ ನನಗೆ ಐವತ್ತೆರಡು ವರ್ಷ. ಪ್ರೌಢಶಾಲೆಯ ಕನ್ನಡ ಅಧ್ಯಾಪಕನ ಕೆಲಸವನ್ನು ಸ್ವಂತ ಇಚ್ಛೆಯಿಂದ ಬಿಟ್ಟು ಬಂಗಾರಪೇಟೆಯ ಮನೆಯಲ್ಲಿದ್ದೆ. ದೆವ್ವ, ಗಾಳಿ, ಸೋಂಕು ಎಂಬುವುಗಳನ್ನು ಅಲ್ಲಿಯವರೆಗೆ ನಾನು ನಂಬಿದವನಲ್ಲ. ವಿದ್ಯಾರ್ಥಿಗಳು ಅಂಥ ಕಥೆ ಹೇಳಿದರೆ, ಯಾರು ಕಂಡರು, ಎಲ್ಲಿ ಕಂಡರು, ಆಗ ಬೆಳಕು ಎಷ್ಟಿತ್ತು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಓದುಗರು ನನ್ನನ್ನೂ ಹಾಗೆಯೇ ಕೇಳಲಿ, ನನ್ನ ಅಭ್ಯಂತರವಿಲ್ಲ. ಆದರೆ ಹಿತೈಷಿಗಳು ಕೊಟ್ಟ ಒಂದು ಸಲಹೆಯನ್ನು ನಾನು ಒಪ್ಪಲಾರೆ. ‘ಕೇಳಿಸಿದಂತಾಯಿತು’ ಎಂದು ಬರೆಯಿರಿ, ನಿಮ್ಮ ಮರ್ಯಾದೆ ಉಳಿಯುತ್ತದೆ ಎಂದರು. ಕೇಳಿಸಿದಂತಾಗಲಿಲ್ಲ. ಕೇಳಿಸಿತು.

ನನಗೂ ನನ್ನ ಪತ್ನಿ ವನಜಾಕ್ಷಿಗೂ ಕಾಲ್ನಡಿಗೆಯ ಹವ್ಯಾಸ. ರಜೆಯ ದಿನಗಳಲ್ಲಿ ನಮ್ಮ ಜೊತೆಗೆ ಬರುತ್ತಿದ್ದವರು ಆರೋಗ್ಯಂ. ಅವರು ಕೆಜಿಎಫ್‌ನ ಒಂದು ಕಾರ್ಖಾನೆಯ ನೌಕರರು. ಚಾಂಪಿಯನ್ ರೀಫ್ಸ್‌ನ ಹಳೆಯ ಗಣಿ ಕಾರ್ಮಿಕರ ಸಾಲುಮನೆಯೊಂದರಲ್ಲಿ ತಾಯಿಯೊಡನೆ ವಾಸವಾಗಿದ್ದರು. ಉರಿಗಾಂನಿಂದ ಹೊರಟು ಕುರುಚಲು ಗುಡ್ಡಗಳ ಬೆನ್ನು ಹಿಡಿದು ನಡೆದು, ಎಲ್ಲಾದರೂ ಡೇರೆ ಹಾಕಿ, ಮರುದಿನ ಬಂಗಾರಪೇಟೆ ಸೇರುವುದು ನಮ್ಮ ಪದ್ಧತಿ. ಆ ಗುಡ್ಡಗಳಲ್ಲಿ ಅಲ್ಲಲ್ಲಿ ಹಳ್ಳಗಳಿವೆ. ದೊಡ್ಡ ಗಣಿಗಳು ಬರುವುದಕ್ಕೂ ಮೊದಲು ಚಿನ್ನ ಹುಡುಕಿ ಬಂದವರು ಅಗೆದು, ಸಿಗದೆ ಬಿಟ್ಟುಹೋದ ಹಳ್ಳಗಳು. ಕೆಲವನ್ನು ಲಂಟಾನ ಮುಚ್ಚಿದೆ. ಕೆಲವನ್ನು ಮಣ್ಣೇ ಮುಚ್ಚಿದೆ.

ಅಂದು ದಾರಿಯಲ್ಲಿ ಆರೋಗ್ಯಂ ಕೋಲಿನಿಂದ ಬಂಡೆಗಳನ್ನು ತಟ್ಟುತ್ತಾ ನಡೆದರು. ಏಕೆಂದು ಕೇಳಿದಾಗ, ಗಣಿಯಲ್ಲಿದ್ದ ಸೋದರಮಾವ ಬಾಲ್ಯದಲ್ಲಿ ಕಲಿಸಿದ್ದೆಂದು ಹೇಳಿದರು. ಗಣಿಯೊಳಗೆ ಕೆಲಸ ಹಿಡಿಯುವ ಮೊದಲು ಒಬ್ಬರು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟುತ್ತಾ ಹೋಗುತ್ತಿದ್ದರಂತೆ. ‘ಠಣ್’ ಎಂದರೆ ಬಂಡೆ ಗಟ್ಟಿ. ‘ಡಬ್’ ಎಂದರೆ ಸಡಿಲ. ಸಡಿಲವೆಂದು ತಿಳಿದ ಕೂಡಲೇ ಜನರನ್ನು ಆಚೆ ಕಳಿಸಿ, ಅದೇ ಸಲಾಕೆಯಿಂದ ಆ ಬಂಡೆಯನ್ನು ಕಿತ್ತು ಕೆಡವಿಬಿಡಬೇಕು. ಸಾಲುಮನೆಯ ಹುಡುಗರಿಗೆಲ್ಲ ಇದೊಂದು ಆಟವಾಗಿತ್ತು. ಒಬ್ಬ ಗೋಡೆ ತಟ್ಟಿ ‘ಡಬ್’ ಎಂದು ಕೂಗಿದರೆ ಉಳಿದವರು ತಲೆಯ ಮೇಲೆ ಕೈಯಿಟ್ಟು ಓಡಬೇಕು.

ಡೇರೆ ಹಾಕಿದ್ದು ಚೌಡಪ್ಪನೆಂಬ ರೈತನ ಬೀಳು ಜಮೀನಿನಲ್ಲಿ, ಅವನ ಒಪ್ಪಿಗೆ ಪಡೆದು. ಸಮತಟ್ಟಾದ, ಮೆತ್ತನೆಯ ನೆಲ. ಆ ಜಾಗವನ್ನು ಆರಿಸಿದವನು ನಾನೇ. ಇಳಿಜಾರಿನಲ್ಲಿ ವನಜಾಕ್ಷಿಯ ಪಾದ ಉಳುಕಿದ್ದರಿಂದ ಅವಳು ಡೇರೆಯೊಳಗೆ ಮಲಗಿದ್ದಳು. ನಾನು ಹೊರಗೆ ಸ್ಟೌ ಹಚ್ಚಿ ಉಪ್ಪಿಟ್ಟಿಗೆ ನೀರು ಕಾಯಲಿಟ್ಟಿದ್ದೆ. ಹೊತ್ತು ಮುಳುಗಿತ್ತು, ಆದರೂ ಎದುರಿಗಿದ್ದವರ ಮುಖ ಕಾಣುವಷ್ಟು ಬೆಳಕಿತ್ತು.

ಸ್ಟೌವಿನ ಅಡಿಯಿಂದ ‘ಠಣ್’ ಎಂದಿತು.

ಸದ್ದು ಬಂದದ್ದು ನೆಲದೊಳಗಿನಿಂದ. ಕಬ್ಬಿಣ ಕಲ್ಲಿಗೆ ಬಡಿದ ಸದ್ದು. ತುಸು ಬಿಟ್ಟು ಇನ್ನೊಮ್ಮೆ, ಒಂದು ಹೆಜ್ಜೆ ಆಚೆಗೆ. ಮತ್ತೊಮ್ಮೆ, ಇನ್ನೂ ಆಚೆಗೆ. ಅವಸರವಿಲ್ಲದೆ, ಯಾರೋ ಕಿವಿಗೊಟ್ಟು ಆಲಿಸುತ್ತಾ ನಡೆಯುತ್ತಿರುವಂತೆ, ಅದು ಡೇರೆಯತ್ತ ಸಾಗಿತು. ಡೇರೆಯ ಕೆಳಗೆ ಬಂದಾಗ ‘ಡಬ್’ ಎಂದಿತು. ಅದೇ ಜಾಗದಲ್ಲಿ ಮತ್ತೊಮ್ಮೆ ‘ಡಬ್’. ಆಮೇಲೆ ನಿಂತಿತು.

ಆರೋಗ್ಯಂ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು, ಬಯಲಿನಲ್ಲಿ, ಆಕಾಶವನ್ನೇ ನೋಡುತ್ತಾ ಓಡಿದರು. ನನಗೆ ನಗು ಬಂದುಬಿಟ್ಟಿತು. ಡೇರೆಯಿಂದ ತಲೆ ಹೊರಹಾಕಿದ ವನಜಾಕ್ಷಿ ಮಾತ್ರ ನಗಲಿಲ್ಲ.

“ಏನ್ರೀ ಅದು? ನನ್ನ ಬೆನ್ನಿಗೇ ತಟ್ಟಿದ ಹಾಗಾಯ್ತು.”

“ಹಗಲು ಕಾದ ಕಲ್ಲು ಸಂಜೆ ತಣ್ಣಗಾಗುವಾಗ ಸದ್ದು ಮಾಡುತ್ತೆ” ಎಂದೆ.

“ಕಾರಣ ಆಮೇಲೆ ಹೇಳೋರಂತೆ. ಮೊದಲು ನನ್ನ ಎತ್ತಿ.”

ಎತ್ತಿದೆವು. ಆರೋಗ್ಯಂ ಮರಳಿ ಬಂದು ಗೂಟಗಳನ್ನು ಕಿತ್ತರು. ಆಚೆ ಹಾಸುಬಂಡೆಯ ಮೇಲೆ, ಡೇರೆಯನ್ನು ಬರಿದೆ ಹಾಸಿಕೊಂಡು, ಚಳಿಯಲ್ಲಿ ಮಲಗಿದೆವು. ಬೆಳಗ್ಗೆ ಎದ್ದು ನೋಡಿದಾಗ ಡೇರೆ ಇದ್ದ ಜಾಗದಲ್ಲಿ ನೆಲವಿರಲಿಲ್ಲ. ಆಳು ಮುಳುಗುವಷ್ಟು ಆಳದ ಹಳ್ಳವಿತ್ತು. ಅದು ಕುಸಿದ ಸದ್ದು ನಮ್ಮಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಹಳ್ಳದ ವಿಷಯದಲ್ಲಿ ನನಗೆ ವಿಸ್ಮಯವೇನೂ ಇಲ್ಲ. ಹಿಂದಿನವರು ಅಗೆದದ್ದನ್ನು ಯಾರೋ ಸಡಿಲವಾಗಿ ಮುಚ್ಚಿದ್ದಾರೆ, ಆ ವರ್ಷದ ಮಳೆಗೆ ಅದು ಕುಸಿದಿದೆ. ನಾನೇ ಹಗ್ಗ ಹಿಡಿದು ಇಳಿದು ನೋಡಿದೆ. ಸುತ್ತಲೂ ಮಣ್ಣು, ಅಡಿಯಲ್ಲಿಯೂ ಮಣ್ಣು. ಸುರಂಗವಿಲ್ಲ, ಮನುಷ್ಯ ತೂರುವಷ್ಟು ಬಿರುಕೂ ಇಲ್ಲ. ಕಬ್ಬಿಣಕ್ಕೆ ‘ಠಣ್’ ಎಂದು ಉತ್ತರ ಕೊಡುವ ಕಲ್ಲೇ ಅಲ್ಲಿರಲಿಲ್ಲ. ನಮಗೆ ನೆಲವಾದದ್ದು ಅದರ ಕೆಳಗೆ ನಿಂತವನಿಗೆ ಮಾತ್ರ ಚಾವಣಿ. ಕೆಳಗೆ ನಿಲ್ಲಲು ಜಾಗವೇ ಇರಲಿಲ್ಲ. ಆದರೂ ಚಾವಣಿಯನ್ನು ತಟ್ಟಿ ನೋಡಲಾಗಿತ್ತು. ಜನ ಆಚೆ ಹೋದ ಮೇಲೆ, ಗಣಿಯ ಕ್ರಮದಂತೆಯೇ, ಅದನ್ನು ಕೆಡವಲಾಗಿತ್ತು.

ಬಂಗಾರಪೇಟೆಗೆ ಬಂದವನು, ರೈಲು ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ನಡೆದದ್ದನ್ನು ನಡೆದಂತೆಯೇ ಹೇಳಿದೆ. ಒಬ್ಬರು ಆ ಹಳ್ಳದ ಬಳಿ ಕರ್ಪೂರ ಹಚ್ಚಿ ಬರಲು ಹೊರಟರು. ಬೇಡವೆಂದೆ, ದೇವರೆಂದು ನಾನು ಹೇಳಿರಲಿಲ್ಲ. ಅಲ್ಲಿಯೇ ಕುಳಿತಿದ್ದ ಚೌಡಪ್ಪನಿಗೆ ಸಿಟ್ಟು ಬಂದಿತ್ತು. “ನಮ್ಮ ಒಲದಾಗೆ ಎಗ್ಗಣ ಮೇಷ್ಟ್ರಿಗೆ ಪಾಠ ಏಳ್ಕೊಟ್ಟೈತೆ, ಕೇಳ್ರಪ್ಪೋ! ಸಾಮಿ, ಇನ್ಮೇಲೆ ನನ್ನ ಒಲ ಯಾವನು ಗುತ್ತಿಗೆಗೆ ತಗೋತಾನೆ?” ಎಂದ. ಅಂಗಡಿಯೆಲ್ಲ ನಕ್ಕಿತು. ನಾನು ಪಕ್ಕದಲ್ಲಿದ್ದ ಆರೋಗ್ಯಂ ಅವರತ್ತ ತಿರುಗಿ, “ನೀವು ಹೇಳಿ” ಎಂದೆ.

ಅವರು ಚಹಾದ ಲೋಟವನ್ನು ನೋಡುತ್ತಾ, “ನಂಗೇನೂ ಕೇಳಿಸ್ಲಿಲ್ಲ ಸಾರ್” ಎಂದರು.

ಅಂದಿನಿಂದ ನಾನು ಊರಿನ ಸುಳ್ಳುಗಾರನಾದೆ. ಪತ್ನಿಯ ಸಾಕ್ಷ್ಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಾಳಿನುದ್ದಕ್ಕೂ ಮಕ್ಕಳ ಒಂದು ಸಡಿಲ ವಾಕ್ಯವನ್ನೂ ತಿದ್ದದೆ ಬಿಡದವನ ಮಾತು, ನಗೆಯಾಡುವ ಸರಕಾಯಿತು. ಆರೋಗ್ಯಂ ಮರುವಾರ ಮನೆಗೆ ಬಂದು ಕಾರಣ ಹೇಳಿದರು. ಅವರ ತಂದೆ ಗಣಿಯೊಳಗೇ ತೀರಿಕೊಂಡವರು. ಅನಂತರ ಬಹುಕಾಲ ತಾಯಿ ಮರಿಯಮ್ಮ ಮುಚ್ಚಿದ ಗಣಿಬಾಯಿಯ ಬೇಲಿಯ ಬಳಿ ಹೋಗಿ ಕೂರುತ್ತಿದ್ದರು. ಇವರು ಪ್ರತಿಸಂಜೆ ಹೋಗಿ ಕರೆತರಬೇಕಿತ್ತು. ಆ ಅಭ್ಯಾಸ ಈಗಷ್ಟೇ ಬಿಟ್ಟಿತ್ತು. “ಕೆಳಗಡೆ ಯಾರೋ ತಟ್ತಾವ್ರೆ ಅಂತ ಗೊತ್ತಾದ್ರೆ ಅಮ್ಮ ಮತ್ತೆ ಹೋಗಿ ಕೂತ್ಕೊಂಡ್ಬಿಡ್ತಾರೆ ಸಾರ್. ನೀವೂ ಇಲ್ಲ ಅಂದ್ಬಿಡಿ” ಎಂದರು. ಅವರ ಸಂಕಟ ನನಗೆ ಅರ್ಥವಾಯಿತು. ಆ ಸಂಗತಿಯನ್ನು ನಾನಾಗಿ ಇನ್ನು ಎತ್ತುವುದಿಲ್ಲವೆಂದು ಮಾತು ಕೊಟ್ಟೆ. ಆದರೆ ಯಾರಾದರೂ ಕೇಳಿದರೆ ಇಲ್ಲವೆನ್ನಲಾರೆ ಎಂದೂ ಹೇಳಿದೆ. ಅವರು ಎದ್ದು ಹೋದರು. ನಮ್ಮ ನಡಿಗೆ ಅಲ್ಲಿಗೆ ನಿಂತಿತು.

ಒಂದು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ, ಮರಿಯಮ್ಮನವರೇ ಹೇಳಿಕಳಿಸಿದರು. ನಾನು ಹೋದಾಗ, ಭಾನುವಾರದ ಚರ್ಚಿನಿಂದ ಆಗಷ್ಟೇ ಬಂದಿದ್ದ ಅವರು ಸೀರೆಯನ್ನೂ ಬದಲಿಸದೆ ಬಾಗಿಲ ಬಳಿ ಕುಳಿತಿದ್ದರು. ಒಳಗೆ ಗೋಡೆಗೊರಗಿ ನಿಂತ ಆರೋಗ್ಯಂ ನನ್ನತ್ತ ನೋಡುತ್ತಾ ಬೇಡವೆಂದು ತಲೆಯಾಡಿಸಿದರು.

“ವಾಂಗ ಮಾಸ್ಟರ್, ಬನ್ನಿ, ಕೂತ್ಕೊಳ್ಳಿ. ಮಾರ್ಕೆಟ್‌ನಲ್ಲಿ ಏನೇನೋ ಅಂತಾರೆ. ನೀವು ಏನು ಕೇಳಿದ್ರಿ, ಅದು ಹೇಳಿ.”

ಆ ಮುದುಕಿಯ ಮುಂದೆ ಒಂದು ಸುಳ್ಳು ಹೇಳುವುದು ಎಷ್ಟು ಸುಲಭವಾಗಿತ್ತು! ಅವರು ಮತ್ತೆ ಆ ಬೇಲಿಯ ಬಳಿ ಹೋಗಿ ಕುಳಿತರೆ ಅದರ ಹೊಣೆ ನನ್ನದೇ ಎಂಬುದೂ ನನಗೆ ಗೊತ್ತಿತ್ತು. ಆದರೂ ಹೇಳಿದೆ. ಠಣ್ ಎಂದದ್ದು, ನಡೆದದ್ದು, ಡಬ್ ಎಂದದ್ದು, ಬೆಳಗಿನ ಹಳ್ಳ, ಯಾವುದನ್ನೂ ಬಿಡಲಿಲ್ಲ.

ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

“ಅದು ಇವನ ಅಪ್ಪ ಅಲ್ಲ ಮಾಸ್ಟರ್. ನಮ್ಮೋರು ಟ್ರಾಲಿ ತಳ್ಳೋರು. ಸಲಾಕೆ ಮುಟ್ಟಿದ್ರೆ ಮೇಸ್ತ್ರಿ ಒದ್ದುಬಿಡ್ತಿದ್ದ. ಯಾರೋ ಕೆಲಸ ಗೊತ್ತಿರೋರು. ಚೆನ್ನಾಗಿರ್ಲಿ.” ಅನಂತರ ಕತ್ತು ತಿರುಗಿಸಿದರು. “ಏಂಡಾ, ನೀನೂ ಇದ್ದೆ ತಾನೇ? ಕೇಳ್ದ್ಯಾ?”

“ಕೇಳ್ದೆ ಅಮ್ಮಾ.”

“ಮತ್ತೆ ಮಾಸ್ಟರನ್ನ ಯಾಕೆ ಸುಳ್ಳ ಮಾಡ್ದೆ? ಎದ್ದೇಳು. ಎಲ್ಲಿ ಇಲ್ಲ ಅಂದ್ಯೋ ಅಲ್ಲೇ ಹೋಗಿ ಹೂಂ ಅಂದು ಬಾ.”

ಆರೋಗ್ಯಂ ನನ್ನ ಸ್ಕೂಟರಿನ ಹಿಂದೆ ಕುಳಿತು ಬಂಗಾರಪೇಟೆಯವರೆಗೆ ಬಂದರು. ಚಹಾದಂಗಡಿಯ ತುಂಬ ಜನರಿದ್ದರು, ಚೌಡಪ್ಪನೂ ಇದ್ದ. ಆರೋಗ್ಯಂ ಕುಳಿತುಕೊಳ್ಳದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ತಮಗೂ ಕೇಳಿಸಿತ್ತೆಂದೂ ಅಂದು ಹೇಳಿದ್ದು ಸುಳ್ಳೆಂದೂ ಹೇಳಿದರು. ಯಾರೂ ನಗಲಿಲ್ಲ.

ತಟ್ಟಿದವರು ಯಾರು, ಎಲ್ಲಿ ನಿಂತು ತಟ್ಟಿದರು, ನಮ್ಮ ಮೂವರನ್ನು ಆಚೆ ಕಳಿಸುವುದರಿಂದ ಅವರಿಗೆ ಆಗಬೇಕಾದದ್ದು ಏನು ಎಂಬುದು ನನಗೆ ಇಂದಿಗೂ ತಿಳಿಯದು. ತಿಳಿದವರಿದ್ದರೆ ಹೇಳಲಿ, ಕೇಳಲು ಸಿದ್ಧನಿದ್ದೇನೆ. ಆದರೆ ಸದ್ದು ಇತ್ತೇ ಇಲ್ಲವೇ ಎಂಬ ಪ್ರಶ್ನೆಯನ್ನು ನನ್ನ ಮುಂದೆ ಇನ್ನು ಯಾರೂ ಎತ್ತುವ ಹಾಗಿಲ್ಲ. ಅದು ೨೦೨೩ನೆಯ ಇಸವಿಯ ಫೆಬ್ರುವರಿ ೧೯, ಭಾನುವಾರದಂದು ಇತ್ಯರ್ಥವಾಗಿದೆ.