ದ್ವೀಪದಲ್ಲಿ ಚರಗ

ಎಳ್ಳಮಾವಾಸ್ಯೆಗೇ ಅಂಡಮಾನಿನ ಟಿಕೆಟ್ ತೆಗೆಸುವ ಜಾಣತನ ನನ್ನ ಗಂಡನಿಗಲ್ಲದೆ ಇನ್ಯಾರಿಗೆ ಬಂದೀತು? ನಮ್ಮ ಸಿಂದಗಿ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತದೆ. ಒಬ್ಬರು ‘ಹುಲ್ಲುಲಿಗೋ’ ಎಂದು ಕೂಗುತ್ತ ಮುಂದೆ ನಡೆಯಬೇಕು, ಇನ್ನೊಬ್ಬರು ಮಾಡಿದ ಅಡುಗೆಯನ್ನೆಲ್ಲ ಕಲಸಿ ಪೈರಿನ ಮೇಲೆ ಚೆಲ್ಲುತ್ತ ಹಿಂದೆ ಬರಬೇಕು. ನಮ್ಮ ಮನೆಯಲ್ಲಿ ಕೂಗುತ್ತಿದ್ದವರು ಮಾವ. ಅವರು ತೀರಿಕೊಂಡ ಮೇಲೆ ಇದೇ ಮೊದಲ ಎಳ್ಳಮಾವಾಸ್ಯೆ. ಹೊಲ ನೋಡಿದರೆ ಅತ್ತೆ ಅತ್ತಾರು ಎಂದೇ ಇವರು ಸಮುದ್ರ ತೋರಿಸಲು ಹೊರಟದ್ದು. ಅತ್ತೆಯೇನೋ ಬಂದರು, ಜೊತೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಗಂಟೂ ಬಂತು.

“ಅಲ್ಲಿ ಹೊಲ ಇಲ್ಲಬೇ,” ಎಂದರು ಇವರು.

“ನೆಲಾ ಐತಿಲ್ಲೋ? ಅಷ್ಟ ಸಾಕು.”

ಅಂಡಮಾನಿಗೆ ಬಂದು ಅಮಾವಾಸ್ಯೆಯ ದಿನ ಒಂದು ಸಣ್ಣ ದ್ವೀಪಕ್ಕೆ ದೋಣಿ ಹತ್ತಿದೆವು. ದೋಣಿಯವನು ಅಲ್ಲೇ ಹುಟ್ಟಿದವನು, ಬಾಯಿ ತುಂಬ ಕಥೆ. ಉಪ್ಪುನೀರಿನಲ್ಲಿ ಬೇರು ಮೇಲೆತ್ತಿ ನಿಂತ ಗಿಡಗಳ ನಡುವೆ ದೋಣಿ ನುಗ್ಗಿಸುತ್ತ, ಮೊಸಳೆ ಇವೆ, ಕೈ ಒಳಗಿಡಿ ಎಂದ. ಇವರು ಕಾಲನ್ನೂ ಮಡಚಿಕೊಂಡರು. ದ್ವೀಪ ಹತ್ತಿರವಾದಾಗ ಆತ ಬಾಯಿಗೆ ಕೈ ಹಚ್ಚಿ ಕಾಡಿನತ್ತ ದೊಡ್ಡದಾಗಿ ಕೂಗಿದ. ಈ ಕಾಡು ಸತ್ತ ಹಿರಿಯರದಂತೆ, ಕೂಗಿ ಕೇಳದೆ ಇಳಿದವರಿಗೆ ದಾರಿ ತಪ್ಪಿಸುತ್ತಾರಂತೆ. ಆತ ಹಿಂದಿಯಲ್ಲಿ ಹೇಳಿದ್ದನ್ನು ಅತ್ತೆಗೆ ತಿಳಿಸಿದೆ.

“ನೋಡು, ತಿಳಿದ ಮಂದಿ,” ಎಂದು ಅತ್ತೆ ಮಗನತ್ತ ಕಣ್ಣು ಬಿಟ್ಟರು.

ದಂಡೆಯ ಮೇಲೆ ಗಂಟು ಬಿಚ್ಚಿ, ರೊಟ್ಟಿ ಹೋಳಿಗೆ ಮುರಿದು ಕಲಸಿ, ಮುಷ್ಟಿ ತುಂಬಿಕೊಂಡು ಅತ್ತೆ ನಿಂತೇ ಇದ್ದರು. ಮುಂದೆ ಕೂಗುವವರಿಲ್ಲದೆ ಅವರ ಕೈ ಏಳಲೊಲ್ಲದು.

“ಒದರೋ,” ಎಂದರು ಮಗನಿಗೆ.

ಇವರು ಸುತ್ತಲಿನ ಪ್ರವಾಸಿಗರನ್ನು ನೋಡಿ, “ಮಂದಿ ನಗ್ತಾರಬೇ,” ಎಂದರು.

ಅತ್ತೆಯ ಕಣ್ಣು ತುಂಬಿತು. ನನಗೆ ಸಿಟ್ಟು ನೆತ್ತಿಗೇರಿತು. ಮೊಸಳೆಗೂ ಅಂಜಬೇಕು, ಮಂದಿಗೂ ಅಂಜಬೇಕು, ಎಂಥಾ ಗಂಡಸಪ್ಪಾ ಇದು! ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ಮುಂದೆ ನಿಂತು ‘ಹುಲ್ಲುಲಿಗೋ’ ಎಂದು ಕಿರುಚಿದೆ. ಮರದ ಮೇಲಿನ ಗಿಳಿಗಳೆಲ್ಲ ಒಮ್ಮೆಲೇ ಹಾರಿದವು. ಯಾರೋ ವಿಡಿಯೋ ಮಾಡಲು ಮೊಬೈಲ್ ಎತ್ತಿದರು. ದೋಣಿಯವನು ಮಾತ್ರ ನಗದೆ ಟೋಪಿ ತೆಗೆದು ನಿಂತ.

ಅತ್ತೆ ಆಗಲೂ ಚೆಲ್ಲಲಿಲ್ಲ.

“ಯಾಕ್ರೀ ಅತ್ತಿ?”

“ಏ ಹುಚ್ಚಿ, ಇಷ್ಟ ಸಣ್ಣ ದನಿ ನಿಮ್ಮ ಮಾವಗ ಕೇಳಿಸಂಗಿಲ್ಲ. ಕಿವಿ ಮಂದ ಅದಾವು. ಇನ್ನೊಮ್ಮಿ ಒದರು.”