ಇದ್ದದ್ದು ಒಂದೇ ಕನ್ವರ್ಟರ್

೧೯೭೬ರ ಬೇಸಿಗೆಯಲ್ಲಿ ನಾನು ಬಾಗಲಕೋಟೆಯಲ್ಲಿ ಟಿವಿ ದುರಸ್ತಿ ವಿಭಾಗದ ಕಿರಿಯ ಎಂಜಿನಿಯರ್ ಆಗಿದ್ದೆ. ಊರು ಇಳಕಲ್ಲು, ನಮ್ಮ ಮನೆತನದಲ್ಲಿ ಮಗ್ಗ ಬಿಟ್ಟು ಬೇರೆ ಕೆಲಸ ಹಿಡಿದವನು ನಾನೊಬ್ಬನೇ. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ಬಿತ್ತರಿಸುತ್ತಿದ್ದ ಕಾಲ ಅದು. ಆಯ್ದ ಪ್ರತಿ ಹಳ್ಳಿಗೂ ಒಂದು ಟಿವಿ, ಹತ್ತಡಿ ಅಗಲದ ತಂತಿಬಲೆಯ ಆಂಟೆನಾ. ಜನ ಅದನ್ನು ‘ಛತ್ರಿ’ ಎನ್ನುತ್ತಿದ್ದರು. ಛತ್ರಿ ಹಿಡಿದ ಕ್ಷೀಣ ಸಂಕೇತವನ್ನು ಟಿವಿಗೆ ಒಗ್ಗುವಂತೆ ಮಾರ್ಪಡಿಸುವ ಪುಟ್ಟ ಪೆಟ್ಟಿಗೆಯೇ ಕನ್ವರ್ಟರ್. ಅದು ಕೆಟ್ಟರೆ ಪರದೆಯ ತುಂಬ ಬರೀ ಚುಕ್ಕಿ.

ಒಂದು ದಿನ ಮಧ್ಯಾಹ್ನ ಐಹೊಳೆಯಾಚೆ ಮಲಪ್ರಭೆಯ ದಂಡೆಯ ಸಣ್ಣ ಹಳ್ಳಿಯೊಂದರಿಂದ ನರ್ಸ್ ಶಾಂತಾಬಾಯಿ ಬಸ್ಸು ಹಿಡಿದು ನಮ್ಮ ಕಚೇರಿಗೇ ಬಂದರು. ನೀರು ಕೇಳಿ ಕುಡಿದು, ನಿಂತೇ ಮಾತಾಡಿದರು.

“ಊರಾಗ ವಾಂತಿ-ಭೇದಿ ಹತ್ತೇತ್ರಿ ಸಾಹೇಬ್ರ. ಎರಡು ಕೂಸು ಹೋದುವು. ಮಡುವಿನ ನೀರು ಬ್ಯಾಡ, ಕಾಸಿ ಕುಡೀರಿ ಅಂದ್ರ ಯಾರೂ ಕೇಳವಲ್ರು. ನಾಳೆ ಸಂಜಿಗಿ ಟಿವಿಯಾಗ ನೀರಿಂದ ಬರೂ ರೋಗದ್ದ ಕಾರ್ಯಕ್ರಮ ಐತಿ. ನಮ್ಮ ಟಿವಿ ನಾಕು ದಿನ ಆತು, ಬರೀ ಚುಕ್ಕಿ.”

ನಮ್ಮಲ್ಲಿ ಉಳಿದಿದ್ದ ಹೊಸ ಕನ್ವರ್ಟರ್ ಒಂದೇ. ಅದನ್ನು ಶಿರೂರಿಗೆಂದು ಎತ್ತಿಟ್ಟಿದ್ದೆವು. ಅಲ್ಲಿಯ ಚಿತ್ರ ಮಸುಕಾಗಿ ಅಲುಗುತ್ತಿತ್ತು. ಮರುದಿನ ಸಂಜೆ ಅದೇ ಕಾರ್ಯಕ್ರಮ ನೋಡಲು ದಿಲ್ಲಿಯ ಅಧಿಕಾರಿಗಳು, ಅವರೊಂದಿಗೆ ವಿದೇಶಿ ಅತಿಥಿಗಳು ಶಿರೂರಿಗೆ ಬರುವವರಿದ್ದರು. ಆದರೂ ನಾನು ಹಿರಿಯ ಎಂಜಿನಿಯರ್ ಕುಲಕರ್ಣಿ ಸಾಹೇಬರ ಮುಂದೆ ವಿಷಯ ಇಟ್ಟೆ.

“ಅತಿಥಿಗಳ ಎದುರು ಚಿತ್ರ ಕೈಕೊಟ್ರ ದೇಶದ ಮಾನ ಹೋಗ್ತದ,” ಎಂದರು. “ನಾಳೆ ನಮ್ಮದೇ ಉಪಗ್ರಹ ಬೇಕು ಅಂತ ಕೇಳಿದ್ರ, ಇವರ ಕೈಲೆ ಏನಾಗ್ತದ ಅಂತಾರ. ಶಿರೂರಿಗೇ ಹಾಕು.”

ಅವರ ಮಾತನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ನಮ್ಮದೇ ಉಪಗ್ರಹದ ಕನಸು ನನಗೂ ಇತ್ತು. ಬೆಳಿಗ್ಗೆ ಕನ್ವರ್ಟರನ್ನು ಜೀಪಿನಲ್ಲಿಟ್ಟುಕೊಂಡು ಮೊದಲು ಶಿರೂರಿಗೇ ಹೋದೆ. ಹಳೆಯದನ್ನೇ ಬಿಚ್ಚಿ, ಸಡಿಲಾದ ಜೋಡಣೆಗಳನ್ನು ಬಿಗಿದು, ಛತ್ರಿಯ ದಿಕ್ಕನ್ನು ಕೈಲಾದಷ್ಟು ಸರಿಪಡಿಸಿದೆ. ಆಮೇಲೆ ಹೊಸದನ್ನು ಬಾಕ್ಸಿನಿಂದ ತೆಗೆಯದೆ ಡ್ರೈವರಿಗೆ ಅಮೀನಗಡದ ದಾರಿ ಹಿಡಿಯಲು ಹೇಳಿದೆ. ಮೇಲಧಿಕಾರಿಯ ಆದೇಶ ಮೀರಿದ್ದು ಅದೇ ಮೊದಲು. ಶಾಂತಾಬಾಯಿಯ ಹಳ್ಳಿ ಮುಟ್ಟಿದೊಡನೆ ಹೊಸ ಕನ್ವರ್ಟರನ್ನು ಅಲ್ಲಿಯ ಛತ್ರಿಗೆ ಜೋಡಿಸಿದೆ.

ಸಂಜೆ ಹಳ್ಳಿಯ ಚಾವಡಿಯ ಮುಂದೆ ಜನ ನೆರೆದರು. ಪರದೆಯ ಮೇಲೆ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದು ತೋರಿಸಿದರು. ಹನಿಯೊಳಗೆ ಏನೇನೋ ಹರಿದಾಡುತ್ತಿದ್ದವು. ಮೊಮ್ಮಗುವನ್ನು ಕಳೆದುಕೊಂಡಿದ್ದ ಗೌರವ್ವ ಎದ್ದು ಪರದೆಯ ಹತ್ತಿರ ಹೋದಳು.

“ನಮ್ಮ ಮಡುವಿನ ನೀರೂ ಹಿಂಗ ಐತೇನವಾ?”

“ಹಿಂಗ ಐತಿ, ಯವ್ವಾ,” ಎಂದರು ಶಾಂತಾಬಾಯಿ.

ಹಿಂದಿನಿಂದ ಒಬ್ಬಾತ, “ದಿನಾ ಕಾಸಾಕ ಕಟಗಿ ಎಲ್ಲಿಂದ ತರೂದು?” ಎಂದ.

ಗೌರವ್ವ ಅವನತ್ತ ತಿರುಗಿದಳು. “ಕೂಸಿನ್ನ ಮಣ್ಣ ಮಾಡಿ ಬಂದೇನಿ ನಾ. ಅದಕ್ಕಿಂತ ಕಟಗಿ ಹೊರೂದು ಹಗರ ಐತಿ.”

ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ನಾನು ಹೊರಡುವಾಗ ಹೆಂಗಸರು ಮಡುವನ್ನು ಬಿಟ್ಟು, ಹೊಳೆಯ ಉಸುಕಿನಲ್ಲಿ ವರತಿ ತೋಡಿ, ಒಸರುವ ತಿಳಿನೀರನ್ನು ತಂಬಿಗೆಯಿಂದ ಕೊಡಕ್ಕೆ ತುಂಬುತ್ತಿದ್ದರು. ಮನೆಮನೆಯಲ್ಲೂ ಒಲೆಯ ಮೇಲೆ ನೀರು ಕಾಯುತ್ತಿತ್ತು.

ಬಾಗಲಕೋಟೆಗೆ ಬಂದವನೇ ಕುಲಕರ್ಣಿ ಸಾಹೇಬರೆದುರು ನಿಂತೆ. ಶಿರೂರಿನಲ್ಲಿ ಧ್ವನಿ ಸ್ವಚ್ಛವಾಗಿ ಬಂದಿತ್ತಂತೆ. ಚಿತ್ರ ಮಾತ್ರ ಎರಡು ಸಲ ಪೂರ್ತಿ ಹೋಗಿತ್ತು.

“ಅತಿಥಿಗಳು ಯಾಕ ಹಿಂಗ ಅಂತ ಕೇಳಿದ್ರು,” ಎಂದರು. “ಹೊಸಾದನ್ನ ನೀ ಎಲ್ಲಿಗೆ ಒಯ್ದಿ ಅಂತ ಆಗ ಗೊತ್ತಾತು. ರೋಗ ಬಿದ್ದ ಊರಿಗೆ ಬಿಡಿಭಾಗ ನಾನೇ ಕಳಿಸೇನಿ ಅಂದೆ. ಚಿತ್ರದ ಮಾತು ಅಲ್ಲಿಗೇ ನಿಂತಿತು. ಆ ಊರಾಗ ಏನಾತು ಅಂತ ಕೇಳಲಿಕ್ಕೆ ಹತ್ತಿದ್ರು. ಹೇಳಲಿಕ್ಕೆ ನನ್ನ ಹತ್ರ ಏನೂ ಇರಲಿಲ್ಲ.” ಎದುರಿನ ಕುರ್ಚಿ ತೋರಿಸಿ, “ಕೂತು ಹೇಳು. ಇನ್ನೊಮ್ಮೆ ನನಗ ತಿಳಿಸದ ಹಿಂಗ ಮಾಡಿದ್ರ ಮಾತ್ರ ನೋಡು,” ಎಂದರು.

ನಾನು ಹೇಳುತ್ತ ಹೋದೆ, ಅವರು ವರದಿಗೆಂದು ಬರೆದುಕೊಂಡರು. ವಾರದ ಬಳಿಕ ಶಾಂತಾಬಾಯಿಯ ಪತ್ರ ಬಂತು: ಹೊಸದಾಗಿ ಯಾರೂ ಹಾಸಿಗೆ ಹಿಡಿದಿಲ್ಲ. ಅವರು ಊರಿಗೆ ಕೊಟ್ಟ ಔಷಧಿ, ಲಸಿಕೆಗಳ ಪಾಲೂ ಈ ಗುಣದಲ್ಲಿತ್ತು ಎಂಬುದನ್ನು ಮರೆಯಬಾರದು.

ವರ್ಷ ತುಂಬಿದಾಗ ಎರವಲಿನ ಉಪಗ್ರಹ ಹೊರಟುಹೋಯಿತು. ಎಂಬತ್ತರ ದಶಕದಲ್ಲಿ ನಮ್ಮದೇ ಉಪಗ್ರಹಗಳು ಬಂದವು. ಅವು ಮೇಲೇರಿದ ದಿನ ಎಲ್ಲರಂತೆ ನಾನೂ ಹೆಮ್ಮೆಪಟ್ಟೆ. ಆ ಹೆಮ್ಮೆ ಬೇಕು. ಆದರೆ ಉಪಗ್ರಹ ಯಾರ ಮನೆಯ ಯಾವ ಕೆಲಸಕ್ಕೆ ಬಂತು ಎಂದು ಹೇಳಲಾಗದಿದ್ದರೆ ಆ ಹೆಮ್ಮೆ ಹೆಚ್ಚು ದಿನ ಬಾಳುವುದಿಲ್ಲ. ಅದಕ್ಕೇ ಹೊಸ ಎಂಜಿನಿಯರುಗಳು ತರಬೇತಿಗೆ ಬಂದಾಗ ಅವರ ಕೈಗೆ ಮೀಟರ್ ಕೊಡುವ ಮೊದಲು, ಬಾದಾಮಿಯ ಕಡೆಯದೋ ಹುನಗುಂದದ ಕಡೆಯದೋ ಒಂದು ಹಳ್ಳಿಗೆ ಕಳಿಸಿ, ಟಿವಿಗೆ ಬೆನ್ನು ಮಾಡಿ ನೋಡುವವರ ಮುಖ ನೋಡುತ್ತ ಒಂದು ಸಂಜೆ ಕೂತು ಬರಲು ಹೇಳುತ್ತಿದ್ದೆ. ಉಪಗ್ರಹ ಎಷ್ಟು ಎತ್ತರದಲ್ಲಿದೆ ಎಂಬ ಪಾಠವನ್ನು ಮರುದಿನ ಶುರುಮಾಡುತ್ತಿದ್ದೆ.